ಕಾವಲಿ ಮೇಲೆ ನಾಲ್ಕೇ ದೋಸೆ: ತರಗತಿಗೆ ನಾವೇ ಮಾಡುವ ವಿಡಿಯೊಗಳ ಬಗ್ಗೆ

ಎರಡು ವರ್ಷದ ಹಿಂದೆ ನಾಲ್ಕನೇ ತರಗತಿಗೆ ಭಿನ್ನರಾಶಿ ಕಲಿಸಲು ನಾನೊಂದು ವಿಡಿಯೊ ಮಾಡಿದ್ದೆ. ಹದಿನಾಲ್ಕು ನಿಮಿಷದ್ದು. ಒಂದು ಲಾದಿ ಪಾವ್ ತಂದು, ಆರು ಪಾವ್ ಬಿಡಿಸುತ್ತಾ, ಅರ್ಧ ಅಂದರೆ ಮೂರು, ಮೂರನೇ ಒಂದು ಭಾಗ ಅಂದರೆ ಎರಡು ಅಂತ ತೋರಿಸಿದ್ದೆ. ಹಿನ್ನೆಲೆಗೆ ಸಂಗೀತ, ಉತ್ತರ ಬಂದಾಗಲೆಲ್ಲ ಪರದೆ ತುಂಬ ನಕ್ಷತ್ರ. ಎರಡು ರಾತ್ರಿ ನಿದ್ದೆಗೆಟ್ಟು ಎಡಿಟ್ ಮಾಡಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮರುದಿನ ಏನೇನು ನೆನಪಿದೆ ಅಂತ ಕೇಳಿದರೆ, ಮುಂದಿನ ಬೆಂಚಿನ ಹುಡುಗ ಎದ್ದು ನಿಂತು, “ಟೀಚರ್, ಆ ಪಾವ್ ಯಾವ ಬೇಕರೀದು?” ಅಂದ.

ತಪ್ಪು ಅವನದಲ್ಲ. ನನ್ನದು. ಆ ತಪ್ಪು ಏನು ಅಂತ ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಮುಂಬೈಯ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು ನಾನು. ನಮ್ಮಲ್ಲಿ ಕೆಲವು ಮಕ್ಕಳ ಮನೆಯವರು ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಕೆಲವರ ಮನೆಯಲ್ಲಿ ತುಳು, ಗಲ್ಲಿಯಲ್ಲಿ ಎಲ್ಲರಿಗೂ ಹಿಂದಿ ಮತ್ತು ಮರಾಠಿ. ಇಂಥ ತರಗತಿಯಲ್ಲಿ ವಿಡಿಯೊ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಬರೀ ಟೈಮ್‌ಪಾಸ್ ಆಗುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ.

ಮೊದಲು ತಲೆಯೊಳಗಿನ ವಿಷಯ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆ ನೆನೆಸಿಕೊಳ್ಳಿ. ಹಿಟ್ಟು ದೊಡ್ಡ ಪಾತ್ರೆ ತುಂಬ ಇದೆ. ಹೊರಗೆ ಗಿರಾಕಿಗಳ ಸಾಲೂ ಇದೆ. ಆದರೆ ಕಾವಲಿ ಮೇಲೆ ಒಮ್ಮೆಗೆ ನಾಲ್ಕು ದೋಸೆ ಹಿಡಿಸಿದರೆ ಹೆಚ್ಚು. ಐದನೆಯದು ಹುಯ್ದರೆ ಪಕ್ಕದ್ದಕ್ಕೆ ಅಂಟಿಕೊಂಡು ಎರಡೂ ಹಾಳು. ಮನಸ್ಸೂ ಹಾಗೇ. ನೆನಪಿನ ಗೋದಾಮು ದೊಡ್ಡದು, ಆದರೆ ಈ ಕ್ಷಣ ಯೋಚಿಸುತ್ತಿರುವ ಸಂಗತಿಗಳನ್ನು ಹಿಡಿದಿಡುವ ಜಾಗ ಪುಟ್ಟದು. ಆ ಜಾಗದಲ್ಲಿ ಏಳು ಸಂಗತಿ, ಒಂದೆರಡು ಹೆಚ್ಚು ಕಡಿಮೆ, ಹಿಡಿಸುತ್ತವೆ ಅಂತ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆಮೇಲೆ ಬಂದವರು ಅದನ್ನೂ ಇಳಿಸಿ ನಾಲ್ಕರ ಆಸುಪಾಸಿಗೆ ತಂದರು. ಇದು ದೊಡ್ಡವರ ಲೆಕ್ಕ. ಎಂಟು ವರ್ಷದ ಮಗುವಿನ ಕಾವಲಿ ಇನ್ನೂ ಚಿಕ್ಕದು.

ಈಗ ನನ್ನ ವಿಡಿಯೊ ನೋಡಿ. ಪಾವ್ ಒಂದು ದೋಸೆ, ನನ್ನ ಮಾತು ಇನ್ನೊಂದು, ಸಂಗೀತ ಮೂರನೆಯದು, ನಕ್ಷತ್ರ ನಾಲ್ಕನೆಯದು. ಭಿನ್ನರಾಶಿಗೆ ಜಾಗ ಎಲ್ಲಿ?

ಈ ವಿಷಯದಲ್ಲಿ ಬಹಳ ಕೆಲಸ ಮಾಡಿದವರು ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್. ಚಿತ್ರ ಮತ್ತು ಮಾತು ಸೇರಿದಾಗ ಜನ ಹೇಗೆ ಕಲಿಯುತ್ತಾರೆ ಅಂತ ದಶಕಗಳ ಕಾಲ ಒಂದರ ಮೇಲೊಂದು ಪ್ರಯೋಗ ಮಾಡಿದವರು. ಅವರು ಹೇಳುವುದು ಕೇಳಿದರೆ ಬಹಳ ಸರಳ ಅನ್ನಿಸುತ್ತದೆ. ಪಾಠಕ್ಕೆ ಸಂಬಂಧವಿಲ್ಲದ್ದನ್ನು, ಅದು ಎಷ್ಟೇ ಚಂದ ಇರಲಿ, ತೆಗೆದುಹಾಕಿ. ಎಲ್ಲಿ ನೋಡಬೇಕೋ ಅಲ್ಲಿಗೆ ಬೆರಳು ಮಾಡಿ. ತುಂಡು ತುಂಡಾಗಿ ಕೊಡಿ. ಪುಸ್ತಕ ಓದಿದ ಹಾಗೆ ಮಾತಾಡಬೇಡಿ, ಎದುರಿಗಿದ್ದವರ ಜೊತೆ ಮಾತಾಡಿದ ಹಾಗೆ ಮಾತಾಡಿ. ಇನ್ನೊಂದು ಮಾತು ಮಾತ್ರ ನನಗೆ ಮೊದಲು ಒಪ್ಪಿಗೆಯಾಗಲಿಲ್ಲ: ಪರದೆ ಮೇಲೆ ಚಿತ್ರ ಓಡುತ್ತಿರುವಾಗ, ನೀವು ಹೇಳುತ್ತಿರುವ ಮಾತನ್ನೇ ಅಕ್ಷರದಲ್ಲೂ ಹಾಕಬೇಡಿ ಅನ್ನುತ್ತಾರೆ.

ಯಾಕೆ ಅಂದರೆ, ತಲೆಗೆ ಒಳಹೋಗಲು ಎರಡು ದಾರಿ ಇವೆ, ಕಣ್ಣಿನದು ಒಂದು, ಕಿವಿಯದು ಒಂದು. ಚಿತ್ರ ಕಣ್ಣಿನಿಂದ, ಮಾತು ಕಿವಿಯಿಂದ ಬಂದರೆ ಎರಡೂ ಸಲೀಸಾಗಿ ಹೋಗಿ ಒಳಗೆ ಜೋಡಿಯಾಗುತ್ತವೆ. ಅಕ್ಷರವನ್ನೂ ಹಾಕಿದಿರೋ, ಅದೂ ಕಣ್ಣಿನ ದಾರಿಗೇ ಬರುತ್ತದೆ. ಮಗು ಅಕ್ಷರ ಓದುವಷ್ಟರಲ್ಲಿ ಚಿತ್ರ ತಪ್ಪಿಹೋಗಿರುತ್ತದೆ, ಚಿತ್ರ ನೋಡಿದರೆ ಅಕ್ಷರ ಓಡಿಹೋಗಿರುತ್ತದೆ.

ಆದರೆ ನಮ್ಮ ಮಕ್ಕಳಿಗೆ ಇದನ್ನು ಹಾಗೇ ಹಚ್ಚಲು ಬರುವುದಿಲ್ಲ. ಮುಂಬೈಯ ಎಷ್ಟೋ ಕನ್ನಡದ ಮಕ್ಕಳು ಮನೆಯಲ್ಲಿ ಪಟಪಟ ಕನ್ನಡ ಆಡುತ್ತಾರೆ, ಒಂದು ಸಾಲು ಓದು ಅಂದರೆ ತಡವರಿಸುತ್ತಾರೆ. ರಸ್ತೆಯ ಬೋರ್ಡಿನಿಂದ ಹಿಡಿದು ಬಸ್ಸಿನ ನಂಬರಿನ ತನಕ ಎಲ್ಲವೂ ದೇವನಾಗರಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ, ಕನ್ನಡ ಅಕ್ಷರ ಕಣ್ಣಿಗೆ ಬೀಳುವುದೇ ಶಾಲೆಯಲ್ಲಿ. ಇಂಥವರಿಗೆ ಹಾಡಿನ ಕೆಳಗೆ ಅದೇ ಭಾಷೆಯ ಸಾಲು ಓಡಿದರೆ ಓದು ಕೈಹತ್ತುತ್ತದೆ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಹಿಡಿದ ದಾರಿ ಇದೇ. ಟಿವಿಯ ಸಿನಿಮಾ ಹಾಡಿಗೆ ಅದೇ ಭಾಷೆಯಲ್ಲಿ ಸಬ್‌ಟೈಟಲ್ ಹಾಕಿದರೆ, ಹಾಡು ಗೊತ್ತಿರುವ ಜನ ತಮಗೇ ಗೊತ್ತಿಲ್ಲದ ಹಾಗೆ ಓದುತ್ತಾರೆ. ಹಾಗಾದರೆ ಮೇಯರ್ ಸರಿಯೋ, ಕೊಠಾರಿ ಸರಿಯೋ? ಇಬ್ಬರೂ ಸರಿ. ನೀರು ಆವಿಯಾಗುವುದನ್ನು ಕಲಿಸುತ್ತಿದ್ದರೆ ಅಕ್ಷರ ಅಡ್ಡಿ. ಓದಲು ಕಲಿಸುತ್ತಿದ್ದರೆ ಅಕ್ಷರವೇ ಪಾಠ. ಎರಡನ್ನೂ ಒಂದೇ ವಿಡಿಯೊದಲ್ಲಿ ಮಾಡುತ್ತೇನೆ ಅನ್ನುವ ಆಸೆ ಇದೆಯಲ್ಲ, ಅದನ್ನು ಬಿಡಬೇಕು ಅಷ್ಟೇ.

ಎಷ್ಟು ಉದ್ದ ಇರಬೇಕು ಅಂತ ಎಲ್ಲರೂ ಕೇಳುತ್ತಾರೆ. ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸುಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಲದ ದಾಖಲೆ ತೆಗೆದು ಫಿಲಿಪ್ ಗುವೋ ಮತ್ತು ಜೊತೆಗಾರರು 2014ರಲ್ಲಿ ಒಂದು ಅಧ್ಯಯನ ಮಾಡಿದ್ದರು. ಆರು ನಿಮಿಷ ದಾಟಿದ ಮೇಲೆ ನೋಡುವವರು ಕಳಚಿಕೊಳ್ಳುತ್ತಾರೆ ಅಂತ ಬಂತು. ದೊಡ್ಡ ಸ್ಟುಡಿಯೋದಲ್ಲಿ ಮಾಡಿದ್ದಕ್ಕಿಂತ ಮೇಷ್ಟ್ರು ತಮ್ಮ ಮೇಜಿನ ಮುಂದೆ ಕೂತು ಮಾಡಿದ್ದನ್ನೇ ಜನ ಹೆಚ್ಚು ಹೊತ್ತು ನೋಡಿದರು ಅಂತಲೂ ಇತ್ತು. ಅದು ದೊಡ್ಡವರ ಲೆಕ್ಕ, ಅದೂ ಎಷ್ಟು ಹೊತ್ತು ನೋಡಿದರು ಅನ್ನುವುದರದ್ದು, ಎಷ್ಟು ಕಲಿತರು ಅನ್ನುವುದರದ್ದಲ್ಲ. ನಾನು ಮೂರು ನಿಮಿಷಕ್ಕೆ ನಿಲ್ಲಿಸುತ್ತೇನೆ. ಅದರಲ್ಲೂ ಮಧ್ಯೆ ಎರಡು ಸಲ ತಡೆದು, “ಈಗ ಏನಾಗುತ್ತೆ ಹೇಳಿ ನೋಡೋಣ” ಅಂತ ಕೇಳುತ್ತೇನೆ. ಪ್ಲೇಟಿನಿಂದ ಮುಚ್ಚಿದ ಬಿಸಿನೀರಿನ ಪಾತ್ರೆ ತೋರಿಸಿ ಅಲ್ಲಿಗೇ ತಡೆದರೆ, ಪ್ಲೇಟಿನ ಒಳಗಡೆ ಏನಿರುತ್ತೆ ಅಂತ ಅರ್ಧ ತರಗತಿ ಒಂದು ಕಡೆ, ಅರ್ಧ ಇನ್ನೊಂದು ಕಡೆ ಆಗಿ ಜಗಳ ಶುರು. ಆ ಜಗಳವೇ ಪಾಠ. ವಿಡಿಯೊ ಅದಕ್ಕೊಂದು ನೆಪ.

ಹಾಗಾದರೆ ಎಲ್ಲದಕ್ಕೂ ವಿಡಿಯೊ ಮಾಡಬೇಕಾ? ಬೇಡವೇ ಬೇಡ. ವಸ್ತುವನ್ನೇ ತರಗತಿಗೆ ತರಲು ಆಗುವುದಾದರೆ ವಿಡಿಯೊ ಬೇಕಿಲ್ಲ. ನಿಂಬೆಹಣ್ಣಿನ ವಿಡಿಯೊ ತೋರಿಸುವ ಟೀಚರನ್ನು ನಾನು ನೋಡಿದ್ದೇನೆ, ಹತ್ತು ರೂಪಾಯಿಗೆ ಹೊರಗೆ ನಿಂಬೆಹಣ್ಣು ಸಿಗುತ್ತಿತ್ತು. ಇನ್ನು ಜ್ವಾಲಾಮುಖಿ, ಹೃದಯದ ಬಡಿತ, ರಾಕೆಟ್ ಇಂಥವಕ್ಕೆ ಬೇರೆಯವರು ಮಾಡಿಟ್ಟಿರುವುದೇ ಸಾಕು. ನಾವೇ ಮಾಡಬೇಕಾದ್ದು ನಡುವಿನ ಕೆಲವನ್ನು. ಒತ್ತಕ್ಷರ ಬರೆಯುವಾಗ ಪೆನ್ಸಿಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಕೋನಮಾಪಕ ಎಲ್ಲಿ ಕೂರಿಸಬೇಕು, ಇಂಥವನ್ನು ಐವತ್ತು ಮಕ್ಕಳ ತರಗತಿಯಲ್ಲಿ ಬೋರ್ಡಿನ ಮೇಲೆ ತೋರಿಸಿದರೆ ಹಿಂದಿನ ಬೆಂಚಿಗೆ ನನ್ನ ಬೆನ್ನು ಮಾತ್ರ ಕಾಣುತ್ತದೆ. ಹಾಗೆಯೇ ಊರಿನ ಜಾತ್ರೆಗೆ ಹೋದವರು ಮೂರು ವಾರ ಬಿಟ್ಟು ಬರುತ್ತಾರೆ, ಅವರಿಗೂ ಇವು ಆಗುತ್ತವೆ.

ಇದು ಹೊಸ ಹುಚ್ಚೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋದವರು ನಾಸಾದ ಉಪಗ್ರಹ ಎರವಲು ಪಡೆದು ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದ್ದರು. ಸೈಟ್ ಅಂತ ಅದರ ಹೆಸರು. ಕರ್ನಾಟಕದಲ್ಲಿ ಅದು ನಡೆದದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಲ್ಲಿ, ಅಂದರೆ ನನ್ನ ತರಗತಿಯ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರ ಊರ ಕಡೆ. ಆದರೆ ಅಲ್ಲಿ ಪಾಠ ಆಕಾಶದಿಂದ ಇಳಿಯುತ್ತಿತ್ತು, ಮಕ್ಕಳು ಕೂತು ನೋಡುತ್ತಿದ್ದರು. ತಡೆದು ನಿಲ್ಲಿಸಲು ಯಾರಿಗೂ ಆಗುತ್ತಿರಲಿಲ್ಲ. ಪುಣೆಯ ಐಯುಕಾ ಅನ್ನುವ ಖಗೋಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಕಸದಿಂದ ಆಟಿಕೆ ಮಾಡುವುದನ್ನು ಒಂದೆರಡು ನಿಮಿಷದ ವಿಡಿಯೊಗಳಲ್ಲಿ ತೋರಿಸಿ, ಹಲವು ಭಾಷೆಗಳಲ್ಲಿ ಮಾತು ಹಾಕಿಸಿ, ಯಾರು ಬೇಕಾದರೂ ನೋಡಲಿ ಅಂತ ಬಿಟ್ಟರು. ನೋಡುವಾಗ ಗಮನಿಸಿ, ಪರದೆ ತುಂಬ ಎರಡು ಕೈ ಮತ್ತು ಒಂದು ಸ್ಟ್ರಾ. ಬೇರೇನೂ ಇಲ್ಲ. ಆ ಎರಡು ಕೈಗಳಿಂದ ನಾನು ಕಲಿತದ್ದು ಬಹಳ.

ಇನ್ನೊಬ್ಬರು ಸೋಲಾಪುರ ಜಿಲ್ಲೆಯ ಪರಿತೇವಾಡಿಯಲ್ಲಿ ಶಿಕ್ಷಕರಾಗಿದ್ದ ರಂಜಿತ್‌ಸಿಂಹ ಡಿಸಲೆ. 2020ರಲ್ಲಿ ಗ್ಲೋಬಲ್ ಟೀಚರ್ ಪ್ರೈಜ್, ಹತ್ತು ಲಕ್ಷ ಡಾಲರ್, ಅರ್ಧವನ್ನು ಕೊನೆಯ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಮಂದಿಗೆ ಹಂಚಿದರು, ಇದೆಲ್ಲ ಪೇಪರಿನಲ್ಲಿ ಬಂದಿತ್ತು. ನಮಗೆ ಬೇಕಾದ್ದು ಬೇರೆ. ಅಲ್ಲಿನ ಮಕ್ಕಳ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯಲ್ಲಿರಲಿಲ್ಲ. ಅವರು ಕನ್ನಡ ಕಲಿತರು. ಪುಸ್ತಕದ ಪುಟಗಳಿಗೆ ಕ್ಯೂಆರ್ ಕೋಡ್ ಅಂಟಿಸಿ, ಮೊಬೈಲ್ ಹಿಡಿದರೆ ಹಾಡು, ಕಥೆ, ಪಾಠದ ವಿಡಿಯೊ ತೆರೆದುಕೊಳ್ಳುವ ಹಾಗೆ ಮಾಡಿದರು. ಇವತ್ತು ಪುಣೆಯ ಬಾಲಭಾರತಿಯಿಂದ ಬರುವ ನಮ್ಮ ಪುಸ್ತಕಗಳ ಮೇಲೂ ಕ್ಯೂಆರ್ ಕೋಡ್ ಇದೆ. ಅಂದರೆ ದಾರಿ ಇದೆ. ದಾರಿಯ ಆ ತುದಿಯಲ್ಲಿ ನಮ್ಮ ಮಕ್ಕಳ ಕನ್ನಡದಲ್ಲಿ ಏನಿರಬೇಕು ಅನ್ನುವುದು ನಮ್ಮ ಕೆಲಸ.

ಚಿತ್ರೀಕರಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಎರಡು ಸ್ಕೇಲ್ ಅಡ್ಡ ಇಟ್ಟು, ಅದರ ಮೇಲೆ ಮೊಬೈಲನ್ನು ಹಿಂಬದಿಯ ಕ್ಯಾಮೆರಾ ಕೆಳಗೆ ನೋಡುವ ಹಾಗೆ ಇಟ್ಟರೆ ಕೆಳಗಿನ ಕಾಗದ ಮತ್ತು ನಿಮ್ಮ ಕೈ ಚೆನ್ನಾಗಿ ಬರುತ್ತದೆ. ಸ್ಟ್ಯಾಂಡ್ ಬೇಕಿಲ್ಲ. ಬೆಳಕು ಕಿಟಕಿಯದ್ದು ಸಾಕು, ಆದರೆ ಕಿಟಕಿ ನಿಮ್ಮ ಎದುರಿಗೋ ಪಕ್ಕಕ್ಕೋ ಇರಲಿ, ಬೆನ್ನಿಗೆ ಬೇಡ. ನಿಜವಾದ ತಲೆನೋವು ಸದ್ದಿನದು. ಚಿತ್ರ ಮಸುಕಾದರೆ ಮಕ್ಕಳು ಸಹಿಸುತ್ತಾರೆ, ದನಿ ಕೇಳದಿದ್ದರೆ ಎರಡೇ ನಿಮಿಷದಲ್ಲಿ ಗದ್ದಲ. ಮುಂಬೈಯಲ್ಲಿ ನಿಶ್ಶಬ್ದ ಅನ್ನುವುದು ಸಿಗುವುದಿಲ್ಲ, ಲೋಕಲ್ ಟ್ರೈನು, ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ, ಪಕ್ಕದ ತರಗತಿಯ ಮಗ್ಗಿ. ಉಪಾಯ ಒಂದೇ, ಬಾಯಿ ಮೈಕಿಗೆ ಹತ್ತಿರ ಇರಲಿ. ದೂರ ದುಪ್ಪಟ್ಟಾದರೆ ಮೈಕಿಗೆ ತಲುಪುವ ದನಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಗೇಣುದ್ದಕ್ಕಿಂತ ದೂರ ಹೋಗಬೇಡಿ. ಫ್ಯಾನ್ ಆರಿಸಿ, ಬೆವರಿಕೊಳ್ಳಿ.

ಇನ್ನು ಮಕ್ಕಳೇ ಮಾಡುವ ವಿಡಿಯೊ. ನನ್ನ ಪ್ರಕಾರ ಜೀವ ಇರುವುದು ಇಲ್ಲೇ, ಎಡವುವುದೂ ಇಲ್ಲೇ.

ಬೇರೆಯವರಿಗೆ ಹೇಳಿಕೊಟ್ಟರೆ ತನಗೆ ಗಟ್ಟಿಯಾಗುತ್ತದೆ ಅನ್ನುವುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಮೇಯರ್ ಮತ್ತು ಲೋಗನ್ ಫಿಯೊರೆಲ್ಲ ಅದನ್ನು ಪರೀಕ್ಷೆ ಮಾಡಿ ನೋಡಿದರು. ಕಾಲೇಜು ಹುಡುಗರಿಗೆ ಡಾಪ್ಲರ್ ಪರಿಣಾಮದ, ಅಂದರೆ ಹತ್ತಿರ ಬರುವ ಮತ್ತು ದೂರ ಹೋಗುವ ಗಾಡಿಯ ಸದ್ದು ಬೇರೆ ಬೇರೆಯಾಗಿ ಕೇಳಿಸುವುದರ, ಪಾಠ ಕೊಟ್ಟರು. ಕೆಲವರು ಪರೀಕ್ಷೆಗೆ ಅಂತ ಓದಿದರು, ಕೆಲವರು ಕಲಿಸಬೇಕು ಅಂತ ಓದಿದರು, ಕೆಲವರು ಓದಿ, ಕ್ಯಾಮೆರಾ ಮುಂದೆ ನಿಂತು ನಿಜಕ್ಕೂ ಕಲಿಸಿದರು. ವಾರ ಕಳೆದ ಮೇಲೆ ಕೇಳಿದಾಗ ಹೆಚ್ಚು ನೆನಪಿದ್ದದ್ದು ನಿಜಕ್ಕೂ ಕಲಿಸಿದವರಿಗೆ. ಅವರೂ ದೊಡ್ಡವರೇ, ಒಪ್ಪುತ್ತೇನೆ. ಆದರೆ ಎಂಟು ವರ್ಷದವರಲ್ಲಿ ನನ್ನ ಕಣ್ಣಾರೆ ಕಂಡದ್ದು ಇದಕ್ಕಿಂತ ಬೇರೆ ಅಲ್ಲ.

ನನ್ನ ಮೊದಲ ಪ್ರಯತ್ನ ಮಾತ್ರ ನೆಲಕಚ್ಚಿತ್ತು. ಐದು ಗುಂಪು ಮಾಡಿ, “ಮಳೆನೀರಿನ ಬಗ್ಗೆ ವಿಡಿಯೊ ಮಾಡಿ” ಅಂತ ಬಿಟ್ಟುಬಿಟ್ಟೆ. ಎರಡು ಪೀರಿಯಡ್ ಯಾವ ಹಾಡು ಹಾಕಬೇಕು, ಯಾವ ಫಿಲ್ಟರ್ ಅನ್ನುವುದರಲ್ಲೇ ಹೋಯಿತು. ಒಂದು ಗುಂಪಿನ ವಿಡಿಯೊದಲ್ಲಿ ನಾಯಿ ಕಿವಿ ಹಚ್ಚಿಕೊಂಡ ನಾಲ್ಕು ಮುಖ ಬಿಟ್ಟರೆ ನೀರಿನ ಒಂದು ಹನಿ ಇರಲಿಲ್ಲ. ಅಲ್ಲಿಂದ ಕ್ರಮ ಬದಲಾಯಿಸಿದೆ. ಮೊಬೈಲ್ ಕೊನೆಗೆ ಬರುತ್ತದೆ. ಮೊದಲ ಎರಡು ದಿನ ಬರೀ ಕಾಗದ: ಒಂದು ಹಾಳೆ ಮಡಚಿ ಆರು ಚೌಕ ಮಾಡಬೇಕು, ಪ್ರತಿ ಚೌಕದಲ್ಲಿ ಒಂದು ಚಿತ್ರ, ಕೆಳಗೆ ಒಂದೇ ಸಾಲು ಮಾತು. ನಾಲ್ವರ ಗುಂಪಿನಲ್ಲಿ ಒಬ್ಬರು ಮಾತಿಗೆ, ಒಬ್ಬರು ಮೊಬೈಲಿಗೆ, ಒಬ್ಬರು ಸಾಮಾನಿಗೆ. ನಾಲ್ಕನೆಯವರು ದಡ್ಡರ ಪಾತ್ರ ಮಾಡಬೇಕು, ಕೇಳಿದ್ದಕ್ಕೆಲ್ಲ “ಯಾಕೆ?” ಅನ್ನಬೇಕು. ಈ ಪಾತ್ರಕ್ಕೆ ನಮ್ಮಲ್ಲಿ ಹೊಡೆದಾಟ ಆಗುತ್ತದೆ, ನಂಬಿ. ಮಗುವಿಗೆ ಏನು ಅರ್ಥವಾಗಿಲ್ಲ ಅನ್ನುವುದು ಆ ಆರು ಚೌಕಗಳಲ್ಲಿ ಕನ್ನಡಿ ಹಿಡಿದ ಹಾಗೆ ಕಾಣುತ್ತದೆ. “ನೀರು ಮೋಡಕ್ಕೆ ಹೋಯಿತು” ಅಂತ ಬರೆದವಳಿಗೆ ದಡ್ಡ, “ಯಾವುದರಲ್ಲಿ ಕೂತು ಹೋಯಿತು?” ಅಂತ ಕೇಳಿದ. ಅವಳಿಗೆ ಉತ್ತರ ಗೊತ್ತಿರಲಿಲ್ಲ. ಆವತ್ತು ಆವಿ ಪಾಠ ಮತ್ತೆ ಮಾಡಿದೆ.

ಮಾರ್ಕು ಕೊಡುವುದಾದರೆ ಆ ಹಾಳೆಗೆ ಕೊಡಿ. ವಿಡಿಯೊಗೆ ಕೊಟ್ಟರೆ ಮನೆಯಲ್ಲಿ ಒಳ್ಳೆ ಫೋನ್ ಇರುವ ಮಗು ಗೆಲ್ಲುತ್ತದೆ. ಎಡಿಟಿಂಗ್ ಗೊಡವೆಗೂ ಹೋಗುವುದಿಲ್ಲ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ರೆಕಾರ್ಡ್ ಮಾಡುತ್ತಿರುವಾಗಲೇ ತಡೆದು ಮತ್ತೆ ಮುಂದುವರಿಸಬಹುದು, ಆರು ಚೌಕಗಳನ್ನು ಅದೇ ಸಾಲಿನಲ್ಲಿ ಶೂಟ್ ಮಾಡಿದರೆ ವಿಡಿಯೊ ಸಿದ್ಧ.

ಮಾತಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ತರಗತಿಯಲ್ಲಿ ಒಬ್ಬಳು ಜೂನ್‌ನಿಂದ ದೀಪಾವಳಿ ತನಕ ಗಟ್ಟಿಯಾಗಿ ಒಂದು ವಾಕ್ಯ ಆಡಿದವಳಲ್ಲ. ತರಗತಿಯಲ್ಲಿ ಎದ್ದು ಓದುವುದು ಅಂದರೆ ಒಂದೇ ಅವಕಾಶ, ತಪ್ಪಿದರೆ ಎಲ್ಲರೂ ನಗುತ್ತಾರೆ. ರೆಕಾರ್ಡಿಂಗ್ ಹಾಗಲ್ಲ. ಮೆಟ್ಟಿಲ ಕೆಳಗೆ ಕೂತು ಹನ್ನೊಂದು ಸಲ ಅಳಿಸಿ ಅಳಿಸಿ ಹೇಳಿದಳು, ಹನ್ನೆರಡನೆಯದನ್ನು ನಮಗೆ ಕೇಳಿಸಿದಳು. ಇದಕ್ಕೆ ಕ್ಯಾಮೆರಾ ಕೂಡ ಬೇಕಿಲ್ಲ. ನಾಲ್ಕು ಫೋಟೊ ಮತ್ತು ಒಂದು ದನಿ ಸೇರಿದರೂ ಅದು ಮಲ್ಟಿಮೀಡಿಯಾನೇ.

ಮುಖ ಬರದೇ ಇದ್ದರೆ ಇನ್ನೊಂದು ಅನುಕೂಲ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಅನ್ನುವುದು ಅದರ ಮೂಲ ನಿಯಮ. ಕಾನೂನು ಬಿಡಿ, ಯಾರದೋ ಮಗುವಿನ ಮುಖವನ್ನು ಸ್ಟೇಟಸ್‌ಗೆ ಹಾಕಿ ಲೈಕ್ ಎಣಿಸುವುದು ಸರಿಯಲ್ಲ ಅಲ್ವಾ. ನಮ್ಮ ನಿಯಮ ಸುಲಭ: ಕೈ ಮತ್ತು ವಸ್ತು ಮಾತ್ರ, ಹೆಸರು ಹೇಳುವುದಿಲ್ಲ, ಯೂನಿಫಾರ್ಮಿನ ಬ್ಯಾಡ್ಜ್ ಕಾಣಬಾರದು, ಫೈಲು ತರಗತಿಯ ಪೋಷಕರ ಗುಂಪು ದಾಟಬಾರದು, ಅದಕ್ಕೂ ಮೊದಲೇ ಕಾಗದದ ಮೇಲೆ ಮನೆಯವರ ಸಹಿ. ಆ ಫೈಲು 480ಪಿಯಲ್ಲಿ ಇರಲಿ, ಪೂರ್ತಿ ಎಚ್‌ಡಿಯಲ್ಲಿ ಒಂದು ನಿಮಿಷಕ್ಕೆ ನೂರು ಎಂಬಿ ದಾಟುವುದೂ ಉಂಟು. ಮನೆಯ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೊತೆ ಸೈಟಿಗೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುತ್ತದೆ, ಹಾಗಾಗಿ ವಿಡಿಯೊ ನೋಡಿ ಬನ್ನಿ ಅನ್ನುವ ಹೋಂವರ್ಕ್ ನಾನು ಕೊಡುವುದಿಲ್ಲ.

ಸಮುದ್ರದ್ದು ಒಂದು ಚಿಕ್ಕ ಕೆಲಸ ಮಾಡಿದ್ದೆವು. ಮಾಹೀಮ್ ಕಡೆ ಮನೆ ಇರುವ ಮೂವರು ಹತ್ತು ದಿನ ಸಂಜೆ ಐದಕ್ಕೆ ದಡದ ಒಂದೇ ಜಾಗದಿಂದ ಫೋಟೊ ತೆಗೆದರು. ಸಾಲಾಗಿ ಓಡಿಸಿದರೆ ನೀರು ಒಂದು ದಿನ ಗೋಡೆ ಹತ್ತಿರ, ಇನ್ನೊಂದು ದಿನ ಎಲ್ಲೋ ದೂರ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಉಬ್ಬರ ದಿನಕ್ಕೆ ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ ಅನ್ನುವುದನ್ನು ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ಯಾರಿಗೆ ಬೇಕಿತ್ತು.

ಆದರೆ ನನಗೆ ಬಹಳ ಹಿಡಿಸಿದ್ದು ಹೆಸರುಕಾಳಿನ ವಿಡಿಯೊ. ಇದರ ಹಿಂದೆ ಮುಂಬೈಯದೇ ಒಂದು ಕಥೆ ಇದೆ. 1912ರಲ್ಲಿ ದಾದಾಸಾಹೇಬ್ ಫಾಲ್ಕೆಗೆ ಸಿನಿಮಾ ಮಾಡಲು ದುಡ್ಡು ಬೇಕಿತ್ತು, ಕೊಡುವವರಿಗೆ ನಂಬಿಕೆ ಇರಲಿಲ್ಲ. ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮೆರಾ ಅಲುಗಾಡದಂತೆ ಇಟ್ಟು, ದಿನಗಟ್ಟಲೆ ಒಂದೊಂದೇ ಫ್ರೇಮ್ ತೆಗೆದರು. ಬೀಜ ಗಿಡವಾಗುವುದು ನಿಮಿಷದಲ್ಲಿ ಕಣ್ಣೆದುರು ನಡೆಯಿತು. ‘ಅಂಕುರಾಚಿ ವಾಢ’ ಅಂತ ಅದರ ಹೆಸರು. ಅದನ್ನು ತೋರಿಸಿದ ಮೇಲೆ ಸಾಲ ಹುಟ್ಟಿತು, ಮರುವರ್ಷ ‘ರಾಜಾ ಹರಿಶ್ಚಂದ್ರ’ ಬಂತು. ಈ ಕಥೆ ಹೇಳಿದ್ದೇ ತಡ, ಮಕ್ಕಳಿಗೆ ತಾವೂ ಮಾಡಬೇಕು ಅಂತಾಯಿತು.

ಒದ್ದೆ ಹತ್ತಿಯ ಮೇಲೆ ಹೆಸರುಕಾಳು, ಪೀರಿಯಡಿಗೊಂದು ಫೋಟೊ. ಮೊದಲ ಸಲ ಯಾರೋ ಕಸ ಗುಡಿಸುವಾಗ ತಟ್ಟೆ ಸರಿಸಿದರು, ವಿಡಿಯೊದಲ್ಲಿ ಕಾಳು ಕುಣಿಯಿತು. ಎರಡನೇ ಸಲ ಬೆಂಚಿನ ಮೇಲೆ ತಟ್ಟೆಗೂ ಪುಸ್ತಕದ ಕಂತೆಗೂ ಟೇಪಿನಿಂದ ಗುರುತು ಹಾಕಿದೆವು. ಗುರುವಾರದಿಂದ ಮುಂದಿನ ಬುಧವಾರಕ್ಕೆ 42 ಫೋಟೊ ಆದವು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ, ನಾವು ಆರಕ್ಕೆ ಇಟ್ಟುಕೊಂಡೆವು. ಅಂದರೆ ವಾರದ ದುಡಿಮೆಗೆ ಏಳು ಸೆಕೆಂಡ್! ಆ ಭಾಗಾಕಾರವನ್ನು ನಾನು ಕೇಳದೇ ಅವರೇ ಮಾಡಿದರು, ಮಾಡಿ ಬೇಜಾರೂ ಮಾಡಿಕೊಂಡರು.

ಆ ಏಳು ಸೆಕೆಂಡಿನ ಮಧ್ಯೆ ಮೊಳಕೆ ಒಂದು ಕಡೆ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆ. “ಟೀಚರ್, ರವಿವಾರ ಒಂದ ದಿನದಾಗ ಇಷ್ಟು ಬೆಳೀತೇನ್ರಿ?” ಅಂತ ಒಬ್ಬ ಕೇಳಿದ. ಇನ್ನೊಬ್ಬಳು ಹಿಂದಕ್ಕೆ ಓಡಿಸಿ ನೋಡಿ, ರವಿವಾರ ಮಾತ್ರ ಅಲ್ಲ, ಪ್ರತಿ ರಾತ್ರಿಯೂ ಸಣ್ಣಗೆ ಜಿಗಿಯುತ್ತದೆ ಅಂದಳು. ನಾವು ನೋಡದೇ ಇದ್ದಾಗಲೂ ಅದು ಬೆಳೆಯುತ್ತಿರುತ್ತದೆ ಅನ್ನುವ ಮಾತಿನ ಮೇಲೆ ಆವತ್ತಿನ ಗಣಿತದ ಪೀರಿಯಡ್ ಪೂರ್ತಿ ಹೋಯಿತು.

ವಿಡಿಯೊ ಪೋಷಕರ ಗುಂಪಿಗೆ ಹೋಯಿತು. ಅಲ್ಲಿಂದ ಆಚೆ ಹೋಗಬಾರದು ಅನ್ನುವ ನಮ್ಮ ನಿಯಮ ಮುರಿದು ಒಬ್ಬರ ಅಮ್ಮ ಅದನ್ನು ಇಂಡಿ ಕಡೆಯ ಹಳ್ಳಿಯಲ್ಲಿರುವ ಅತ್ತೆಗೆ ಕಳಿಸಿದ್ದರು. ಎರಡು ದಿನ ಬಿಟ್ಟು ಅಜ್ಜಿಯಿಂದ ವಾಯ್ಸ್ ಮೆಸೇಜ್ ಬಂತು: “ಹತ್ತಿ ಯಾಕ ಇಟ್ಟೀರಿ ಮಗಾ, ಅರಿವ್ಯಾಗ ಕಟ್ಟಿ ಇಡ್ರಿ, ಇದಕ್ಕಿಂತ ಲಗೂನ ಮೊಳಕಿ ಬರ್ತಾವ.” ತರಗತಿಯಲ್ಲಿ ಮೂರು ಸಲ ಹಾಕಿ ಕೇಳಿದೆವು. ಅರ್ಧದಷ್ಟು ಮಕ್ಕಳು ಅಜ್ಜಿಯ ಕಡೆ, ಅರ್ಧದಷ್ಟು ಹತ್ತಿಯ ಕಡೆ. ಸೋಮವಾರದಿಂದ ಎರಡು ತಟ್ಟೆ ಇಡುತ್ತಿದ್ದೇವೆ. ಬಟ್ಟೆ ಗಂಟು ಕಟ್ಟಿದರೆ ಒಳಗಿನ ಕಾಳಿನ ಫೋಟೊ ತೆಗೆಯುವುದು ಹೇಗೆ ಅನ್ನುವುದು ಮಾತ್ರ ಇನ್ನೂ ಯಾರಿಗೂ ಹೊಳೆದಿಲ್ಲ.